ಮುಳ್ಳು ಇಡುವ ಮುಂಚೆ

ಮಂಗಳವಾರ, ನಾಲ್ಕನೇ ತಾರೀಕು
ಬೆಳಿಗ್ಗೆ ಹತ್ತೂವರೆ, ಹೊಲಿಗೆ ಕೋಣೆ

ನಾನೂರಾ ಹನ್ನೆರಡು ಹಾಡಿನ ಪ್ಲೇಟುಗಳ ಯಜಮಾನರಿಗೆ, ಅವುಗಳ ಕಾವಲುಗಾರ್ತಿಯ ನಮಸ್ಕಾರಗಳು.

ನಿಮ್ಮ ಪತ್ರ ನಿನ್ನೆ ಮಧ್ಯಾಹ್ನ ಬಂತು. ಒಂದು ಅಂಗಿಗೆ ತೋಳು ಕೂಡಿಸುತ್ತಿದ್ದೆ. ಓದಿ ಮಡಚಿಟ್ಟು ಮತ್ತೆ ಮಿಷನ್ ತುಳಿದೆ. ಎಡತೋಳು ಹೋಗಿ ಬಲಕ್ಕೆ ಕೂತಿತು. ಮೂವತ್ತು ವರ್ಷದ ಕಸುಬಿನಲ್ಲಿ ಈ ಎಡವಟ್ಟು ಮಾಡಿದ್ದು ಇದೇ ಮೊದಲು. ಬಿಚ್ಚಿ ಹೊಲಿಯುವುದನ್ನು ಪಕ್ಕಕ್ಕಿಟ್ಟು ಈಗ ಕಾಗದ ಹಿಡಿದಿದ್ದೇನೆ.

ಹದಿನೇಳನೇ ತಾರೀಕು ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ನಮ್ಮ ಮಗಳ ಪ್ಲೇಟು ಹಾಕಿಸುತ್ತೀರಿ ಎಂದು ಬರೆದಿದ್ದೀರಿ. ಹನ್ನೊಂದು ವರ್ಷ ಅದನ್ನು ತಗಡಿನ ಡಬ್ಬಿಯಿಂದ ಹೊರಗೇ ತೆಗೆಯದೆ ಕಾಪಾಡಿದ್ದೀರಿ. ಹಳೆಯ ಪ್ಲೇಟುಗಳ ಧ್ವನಿಯನ್ನು ಹೊಸ ಯಂತ್ರಕ್ಕೆ ಇಳಿಸಿಕೊಡುವವರೊಬ್ಬರು ಕೊನೆಗೂ ಸಿಕ್ಕಿದ್ದಾರಂತೆ. ಅವರ ಯಂತ್ರದ ಮುಳ್ಳು ಗೆರೆಯ ಮೇಲೆ ಕೂತದ್ದೇ ಗೊತ್ತಾಗದಷ್ಟು ಹಗುರವಂತೆ. ಒಮ್ಮೆ ಇಳಿಸಿಕೊಂಡರೆ ಆಮೇಲೆ ಬೇಕಾದಷ್ಟು ಸಲ ಕೇಳಬಹುದು, ನೀನೂ ಬಾ, ಮೊದಲನೇ ಸಲ ಪಕ್ಕದಲ್ಲಿ ಕೂತು ಕೇಳೋಣ ಎಂದಿದ್ದೀರಿ.

ಸೋಮವಾರಕ್ಕೆ ಮೊದಲು ನಾನು ನಿಮಗೆ ಹೇಳಲೇಬೇಕಾದ್ದು ಒಂದಿದೆ. ಅದು ಆ ಪ್ಲೇಟಿನ ವಿಷಯವೇ. ಹೇಳದೆ ಬಿಟ್ಟರೆ ಅಲ್ಲಿ, ಯಾರೋ ಹೊರಗಿನವರ ಎದುರಿಗೆ, ನಿಮ್ಮ ಎದೆ ಒಡೆಯುತ್ತದೆ. ಹೇಳಿದರೆ ಈ ಕಾಗದ ಓದುವಾಗಲೇ ಒಡೆಯುತ್ತದೆ. ಎರಡರಲ್ಲಿ ಯಾವುದು ವಾಸಿ ಎಂದು ನಿನ್ನೆಯಿಂದ ಮೀನಮೇಷ ಎಣಿಸುತ್ತಿದ್ದೇನೆ. ಕೈ ಬರುತ್ತಿಲ್ಲ. ಮೊದಲು ನೀವು ಕೇಳಿದ ಪ್ರಶ್ನೆಗಳಿಗೆ ಉತ್ತರ ಬರೆದುಬಿಡುತ್ತೇನೆ. ಅದಾದರೂ ಸಲೀಸು.

ನಾನೂರಾ ಹನ್ನೆರಡೂ ನಿಂತೇ ಇವೆ. ಒಂದೂ ಮಲಗಿಲ್ಲ, ಒಂದೂ ಇನ್ನೊಂದಕ್ಕೆ ಒರಗಿಲ್ಲ. ಮಧ್ಯಾಹ್ನದ ಹೊತ್ತಿಗೆ ಸೊಂಟ ನೋಯುತ್ತದೆಂದು ನಾನು ಗೋಡೆಗೆ ಒರಗುತ್ತೇನೆ, ಅವಕ್ಕೆ ಮಾತ್ರ ಆ ಭಾಗ್ಯ ಕೊಟ್ಟಿಲ್ಲ. ಒಂದೊಂದು ಖಾನೆಯಲ್ಲಿ ಇಪ್ಪತ್ತೈದು, ಎರಡು ಬೆರಳು ತೂರುವಷ್ಟು ಸಡಿಲ. ಬಿಗಿಯಾದರೆ ರಟ್ಟು ಉಜ್ಜುತ್ತದೆ, ತೀರ ಸಡಿಲವಾದರೆ ಪ್ಲೇಟು ಬಾಗುತ್ತದೆ. ನೀವು ಬರೆದದ್ದು ನನಗೆ ಬಾಯಿಪಾಠವಾಗಿದೆ. ಒಳಗಿನ ಕಾಗದದ ಚೀಲಗಳನ್ನು ಹೋದ ವರ್ಷ ಎಲ್ಲಕ್ಕೂ ಬದಲಾಯಿಸಿದೆ. ಕಪಾಟು ನೆಲದಿಂದ ಒಂದು ಗೇಣು ಮೇಲೆ, ಹೊರಗಿನ ಗೋಡೆಯಿಂದ ಒಂದು ಮೊಳ ಈಚೆ. ಬಿಸಿಲು ಬೀಳುವ ಕಿಟಕಿಗೆ ದಪ್ಪ ಪರದೆ ಹೊಲಿದು ಹಾಕಿದ್ದೇನೆ. ಇಸ್ತ್ರಿ ಮೇಜಿನ ಶಾಖ ತಗುಲಬಾರದೆಂದು ಅದನ್ನು ಅಡುಗೆಮನೆಗೆ ಅಟ್ಟಿದ್ದೇನೆ. ಈಗ ಒಂದು ಕೈಯಲ್ಲಿ ಸಾರು ಕದಡುತ್ತಾ ಇನ್ನೊಂದು ಕೈಯಲ್ಲಿ ಇಸ್ತ್ರಿ ಮಾಡುತ್ತೇನೆ. ಗಿರಾಕಿಗಳ ಬಟ್ಟೆಗೆ ಒಗ್ಗರಣೆಯ ವಾಸನೆ ಬಂದರೆ ಅದಕ್ಕೆ ನೀವೇ ಹೊಣೆ.

ಕಪಾಟು ಮಾಡಿದ ಬಡಗಿ ಅಳತೆ ತೆಗೆದುಕೊಳ್ಳುವಾಗ, "ಅಲ್ಲಮ್ಮಾ, ಜನ ಹಾಡು ಕೇಳೋಕೆ ಪ್ಲೇಟು ಇಟ್ಕೊಳ್ತಾರೆ. ನೀವು ನೋಡಿದ್ರೆ ಹಾಡಿಗೇ ಮನೆ ಕಟ್ಟಿಸ್ತಿದ್ದೀರಲ್ಲ! ಎಲ್ಲಿ, ಒಂದಾದ್ರೂ ಹಾಕಿ, ಕೇಳ್ತಾ ಕೆಲಸ ಮಾಡ್ತೀನಿ" ಎಂದ. ಪ್ಲೇಯರ್ ಕೆಟ್ಟಿದೆ ಎಂದೆ. ಸುಳ್ಳು. ನಿಮ್ಮ ಪ್ಲೇಯರ್ ನೀವು ಬಿಟ್ಟುಹೋದ ಹಾಗೇ ಸುಸ್ಥಿತಿಯಲ್ಲಿದೆ. ಈ ಹನ್ನೊಂದು ವರ್ಷದಲ್ಲಿ ನಾನು ಒಂದು ಪ್ಲೇಟನ್ನೂ ಹಾಕಿ ಕೇಳಿಲ್ಲ. ತಿಂಗಳಿಗೊಮ್ಮೆ ಅಂಚು ಹಿಡಿದು ಹೊರತೆಗೆಯುತ್ತೇನೆ, ಮೆತ್ತನೆಯ ಬಟ್ಟೆಯಲ್ಲಿ ಗೆರೆಯ ಜಾಡಿನಲ್ಲೇ ಒರೆಸುತ್ತೇನೆ, ಒಳಗಿಡುತ್ತೇನೆ. ಮುಳ್ಳಿನ ಹತ್ತಿರ ಮಾತ್ರ ಹೋಗುವುದಿಲ್ಲ.

ಮೂರು ವರ್ಷದ ಹಿಂದೆ ಮೇಲಿನ ಮನೆಯ ನಲ್ಲಿ ಪೈಪು ಒಡೆದು ನಮ್ಮ ಗೋಡೆಗೆಲ್ಲ ನೀರಿಳಿದಾಗ, ಒಬ್ಬಳೇ ನಾನೂರಾ ಹನ್ನೆರಡನ್ನೂ ಎರಡು ಗಂಟೆಯಲ್ಲಿ ಮಂಚಕ್ಕೆ ಸಾಗಿಸಿದೆ. ಸುತ್ತ ದಿಂಬು ಕೊಟ್ಟು ನಿಲ್ಲಿಸಿದೆ. ಆಮೇಲೆ ನೋಡಿಕೊಂಡರೆ ನನ್ನ ಬಟ್ಟೆಯೆಲ್ಲ ತೊಪ್ಪೆ. ನಿಮಗೆ ಬರೆದಾಗ ಉತ್ತರ ಬಂತು: "ಗೋಡೆ ಪೂರ್ತಿ ಒಣಗಿತಾ?" ಗೋಡೆ ಒಣಗಿತು. ನನಗೆ ಹದಿನೈದು ದಿನ ಜ್ವರ ಬಂದಿತ್ತು. ಅದನ್ನು ನಾನು ಬರೆಯಲಿಲ್ಲ, ನೀವು ಕೇಳಲೂ ಇಲ್ಲ. ವರ್ಷಕ್ಕೆ ಎರಡರ ಹಾಗೆ ಇಪ್ಪತ್ತೆರಡು ಪತ್ರ ಬರೆದಿದ್ದೀರಿ ನೀವು. ಅಷ್ಟರಲ್ಲೂ ಗೋಡೆಯ ಯೋಗಕ್ಷೇಮ ವಿಚಾರಿಸಿದ್ದೀರಿ. ಗೋಡೆಯಾದರೂ ಪುಣ್ಯ ಮಾಡಿತ್ತು ಬಿಡಿ.

ಬೈಯುತ್ತಿಲ್ಲ. ಈ ಇಪ್ಪತ್ತಮೂರನೆಯ ಪತ್ರದಲ್ಲಿ ಮೊದಲ ಸಲ "ನೀನೂ ಬಾ" ಎಂದು ಬರೆದಿದ್ದೀರಿ. ಆ ಎರಡು ಮಾತಿನ ಮೇಲೆ ಬೆರಳಿಟ್ಟುಕೊಂಡು ಎಷ್ಟೋ ಹೊತ್ತು ಕೂತಿದ್ದೆ. ಆ ಖುಷಿಯನ್ನು ಈಗ ನನ್ನ ಕೈಯಾರೆ ಕೆಡಿಸಿಕೊಳ್ಳಬೇಕಾಗಿದೆ. ಇನ್ನು ಸುತ್ತಿ ಬಳಸುವುದಿಲ್ಲ.

ನಮ್ಮ ಚಿನಕುರುಳಿಯ ಪ್ಲೇಟಿನಲ್ಲಿ ಈಗ ಏನೂ ಇಲ್ಲ. ನಾನೇ ಅದನ್ನು ಸವೆಸಿಬಿಟ್ಟೆ.

ಬರೆದಾಯಿತು. ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದೆ. ನೀವೂ ಕುಡಿದು ಬನ್ನಿ, ಆಮೇಲೆ ಮುಂದಕ್ಕೆ ಓದಿ.

ಅವಳ ದನಿಯನ್ನು ನೀವು ಪ್ಲೇಟಿಗೆ ಕೊರೆದ ದಿನ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ನೀವು ಧ್ವನಿಮುದ್ರಣದ ಸ್ಟುಡಿಯೋದಲ್ಲಿ ಪ್ಲೇಟು ಕೊರೆಯುವ ಯಂತ್ರ ನಡೆಸುತ್ತಿದ್ದಿರಿ. ಹಾಡುವವರು ಯಾರೋ ಬಾರದೆ ಯಂತ್ರ ಖಾಲಿ ಇತ್ತು. ಅವಳಿಗೆ ಶಾಲೆಗೆ ರಜ. ಆರು ವರ್ಷದವಳನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿ ಮೈಕಿನ ಮುಂದೆ ಬಿಟ್ಟಿರಿ. ಹಾಡುತ್ತಾಳೆ ಎಂದುಕೊಂಡಿದ್ದಿರಿ. ಅವಳು ಅಂಗಡಿ ಆಟ ಶುರುಮಾಡಿದಳು. ಗಿರಾಕಿಗಳಿಗೆ ನಾನು ಹೇಳುವುದನ್ನು ನನ್ನ ಧಾಟಿಯಲ್ಲೇ ಒಪ್ಪಿಸಿದಳು: "ನಾಳೆ ಬನ್ನಿ, ಎಲ್ಲಾ ಆಗಿದೆ, ಬರೀ ಗುಂಡಿ ಬಾಕಿ." ಕತ್ತರಿಸದೇ ಇರುವ ಬಟ್ಟೆಗೂ ನಾನು ಹಾಗೆನ್ನುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು, ಕಳ್ಳಿಗೆ. ನಡುವೆ ಒಂದು ಸಲ ಕೆಮ್ಮಿದಳು. ಅಂಗಡಿ ಬಾಗಿಲು ಹಾಕುವ ಸದ್ದನ್ನು ಬಾಯಲ್ಲೇ ಮಾಡಿದಳು. ಆಮೇಲೆ ಅಲ್ಲಿಗೇ ಕಟ್ಟಿದ ಹಾಡು, ಸೂಜಿಗೆ ದಾರ ಸಿಕ್ಕದೆ ಅಳುವ ಹಾಡು. ಎಲ್ಲ ಸೇರಿ ಮೂರು ನಿಮಿಷ ಚಿಲ್ಲರೆ. ಸಂಜೆ ಮನೆಗೆ ತಂದು ಒಂದು ಸಲ ಹಾಕಿ ಕೇಳಿಸಿದಿರಿ. ನಾನು ನಕ್ಕು ನಕ್ಕು ಸಾಕಾಗಿ ಹೋಗಿದ್ದೆ.

ನಾಲ್ಕು ತಿಂಗಳಿಗೆ ಅವಳು ಇರಲಿಲ್ಲ. ಐದು ದಿನದ ಜ್ವರ. ಅದರ ಬಗ್ಗೆ ನಾನು ಬರೆಯಲಾರೆ, ನೀವೂ ಬಲ್ಲಿರಿ.

ಅವಳು ಹೋದ ಮೇಲೆ ನೀವು ಆ ಪ್ಲೇಟನ್ನು ಡಬ್ಬಿಗೆ ಹಾಕಿ ಬೀರುವಿನ ಮೇಲಿಟ್ಟಿರಿ. ಅಂಗಡಿಯಲ್ಲಿ ಸಿಗುವ ಪ್ಲೇಟಿನ ಹಾಗಲ್ಲ ಇದು, ಲೋಹದ ತಟ್ಟೆಗೆ ಮೆತ್ತನೆಯ ಲೇಪ ಅಷ್ಟೇ, ಮುಳ್ಳು ಓಡಿದಷ್ಟೂ ಗೆರೆ ಕೆರೆದುಹೋಗುತ್ತದೆ, ಇದಕ್ಕೆ ತಕ್ಕ ಯಂತ್ರ ಸಿಗುವವರೆಗೆ ಯಾರೂ ಮುಟ್ಟಕೂಡದು ಎಂದು ಬಿಡಿಸಿ ಹೇಳಿದಿರಿ. ತಿಳಿಯಲಿಲ್ಲ ಎಂದು ನಾನು ಹೇಳುವುದಿಲ್ಲ. ಒಂದೊಂದು ಮಾತೂ ತಿಳಿಯಿತು. ಆದರೆ ನಿಮಗೆ ಹಗಲು ಕೆಲಸವಿತ್ತು, ಸ್ಟುಡಿಯೋ ಇತ್ತು, ಇನ್ನೊಬ್ಬರ ದನಿಗಳಿದ್ದವು. ನನಗೆ ಈ ಕೋಣೆ, ಈ ಮಿಷನ್. ಬೀರುವಿನ ಮೇಲೆ ಮಗಳು ಮಾತಾಡಲು ತಯಾರಾಗಿ ಕೂತಿದ್ದಾಳೆ, ಕೆಳಗೆ ತಾಯಿ ಗುಂಡಿಗೆ ಕಾಜಾ ಹೊಲಿಯುತ್ತಾ ಕೂತಿರಬೇಕು! ಎಷ್ಟು ದಿನ ಆದೀತು ಹೇಳಿ? ನಾನು ಹದಿನೇಳು ದಿನ ತಡೆದೆ.

ನೀವು ಒಂಬತ್ತಕ್ಕೆ ಹೊರಡುತ್ತಿದ್ದಿರಿ. ಮೂಲೆಮನೆಯ ತಿರುವಿನಲ್ಲಿ ನಿಮ್ಮ ಬೆನ್ನು ಮರೆಯಾದ ಮೇಲೆ ನಾನು ಸ್ಟೂಲು ಹತ್ತುತ್ತಿದ್ದೆ. ಇಲ್ಲೇ ನಾನು ಮಾಡಿದ ದೊಡ್ಡ ದಡ್ಡತನ. ನಿಮ್ಮ ಒಳ್ಳೆಯ ಪ್ಲೇಯರ್ ಮುಟ್ಟಿದರೆ ಮುಚ್ಚಳದ ಧೂಳು ನೋಡಿಯೇ ಕಂಡುಹಿಡಿಯುತ್ತೀರಿ ಎಂದು ಹೆದರಿ, ಅಟ್ಟದಲ್ಲಿದ್ದ ಹಳೆಯ ಪೆಟ್ಟಿಗೆ ಪ್ಲೇಯರ್ ಇಳಿಸಿಕೊಂಡೆ. ಅದರ ತೋಳು ಕಬ್ಬಿಣದ ಸೌಟಿನಷ್ಟು ಭಾರ, ಮುಳ್ಳು ಎಂದೋ ಮೊಂಡಾದದ್ದು. ಒಳ್ಳೆಯದರಲ್ಲಿ ಕೇಳಿದ್ದರೆ ಇನ್ನಷ್ಟು ದಿನ ಬಾಳುತ್ತಿದ್ದಳೇನೋ. ನಿಮ್ಮ ಕಣ್ಣು ತಪ್ಪಿಸಲು ಹೋಗಿ ನೇಗಿಲಲ್ಲಿ ಉತ್ತ ಹಾಗೆ ಅವಳ ಮೇಲೆ ಆ ಮುಳ್ಳನ್ನು ಓಡಿಸಿದೆ.

ಮೊದಮೊದಲು ದಿನಕ್ಕೆ ಒಂದೇ ಸಲ. ಆಮೇಲೆ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಗಿರಾಕಿಯ ಜೊತೆ ಜಗಳವಾದ ದಿನ ಮೂರು. ಎರಡು ವರ್ಷ ಹೀಗೆ ನಡೆಯಿತು. ಮೊದಲು ಹೋದದ್ದು ಅವಳ ಉಸಿರು. ಮಾತಿನ ಮುಂಚೆ ಸಣ್ಣಗೆ ಎಳೆದುಕೊಳ್ಳುತ್ತಿದ್ದಳಲ್ಲ, ಅದು. ಆಮೇಲೆ ಕೆಮ್ಮು ಹೋಯಿತು. "ಗುಂಡಿ" ಎನ್ನುವುದು ಬಹಳ ದಿನ ನಿಂತಿತ್ತು. ಕೊನೆಕೊನೆಗೆ, ನಲ್ಲಿ ಬಿಟ್ಟಿರುವಾಗ ಪಕ್ಕದ ಕೋಣೆಯಲ್ಲಿ ಯಾರೋ ಮಾತಾಡಿದ ಹಾಗೆ ಕೇಳುತ್ತಿತ್ತು. ಇವತ್ತು ನಿಲ್ಲಿಸಬೇಕು ಎಂದು ಪ್ರತಿ ದಿನ ಅಂದುಕೊಂಡೆ. ದೇವರಾಣೆ ಅಂದುಕೊಂಡೆ. ಆದರೆ ನಿಲ್ಲಿಸಿದರೆ ಅವಳನ್ನು ನಾನೇ ಎರಡನೇ ಸಲ ಕಳಿಸಿಕೊಟ್ಟ ಹಾಗೆ ಆಗುತ್ತಿತ್ತು.

ನೀವು ತಲೆನೋವೆಂದು ಮಧ್ಯಾಹ್ನ ಬೇಗ ಮನೆಗೆ ಬಂದ ದಿನ ನಾನು ಕೇಳುತ್ತಿದ್ದದ್ದು ಬರೀ ಸರಸರ ಸದ್ದು. ಅದರೊಳಗೆ ಯಾವ ಕಡೆ ಯಾವ ಮಾತಿತ್ತು ಎಂದು ನನಗೆ ಗೊತ್ತಿತ್ತು, ಅದಕ್ಕೆ ಕೇಳುತ್ತಿದ್ದೆ. ನೀವು ಬಾಗಿಲಲ್ಲೇ ನಿಂತು, "ಈ ಗುಜರಿ ಮಿಷನ್‌ಗೆ ಹಾಕಿದ್ಯಾ? ಮಗೂನ ಕೆರೀತಿದೀಯಲ್ಲೇ!" ಎಂದು ಕೂಗಿದಿರಿ. ಸರಸರ ಸದ್ದು ಆ ಮಿಷನಿನದ್ದೇ ಎಂದು ನೀವು ತಿಳಿದುಕೊಂಡಿರಿ. ಎಷ್ಟು ಸಲ ಹಾಕಿದೆ ಎಂದು ಕೇಳಿದಿರಿ. ಒಂದೇ ಸಲ, ಇವತ್ತೇ ಮೊದಲು ಎಂದೆ. ಪ್ಲೇಟನ್ನು ಡಬ್ಬಿಗೆ ಹಾಕುವಾಗ ನಿಮ್ಮ ಕಣ್ಣು ತುಂಬಿತ್ತು, ಗೆರೆಗಳು ಬೂದಿ ಬಣ್ಣಕ್ಕೆ ತಿರುಗಿದ್ದನ್ನು ನೋಡಲಿಲ್ಲ. ನಾನು ನೋಡಿದೆ.

ಅದಾದ ಮೇಲಿನ ಜಗಳದಲ್ಲಿ ಇಬ್ಬರೂ ನಾಲಿಗೆ ಹರಿಯಬಿಟ್ಟೆವು. ನೀನು ತಾಯಿಯೇ ಅಲ್ಲ ಎಂದಿರಿ. ಮಗಳನ್ನು ತಗಡಿನ ಡಬ್ಬಿಯಲ್ಲಿ ಹೂತಿಟ್ಟ ಕಲ್ಲುಮನುಷ್ಯ ಎಂದು ನಾನೂ ಅಂದೆ. ವಾರದೊಳಗೆ ದೂರದೂರಿನ ಕೆಲಸ ಒಪ್ಪಿಕೊಂಡು ಹೊರಟಿರಿ. ನಾನೂರಾ ಹನ್ನೆರಡು ಪ್ಲೇಟು ನನ್ನ ಪಾಲಿಗೆ ಬಿಟ್ಟು, ಆ ಒಂದನ್ನು ಎದೆಗವಚಿಕೊಂಡು ಹೋದಿರಿ. ಬಾಗಿಲವರೆಗೆ ಬಂದೆ. ಅದರಲ್ಲಿ ಏನೂ ಉಳಿದಿಲ್ಲ, ಇಟ್ಟು ಹೋಗಿ, ನೀವೂ ಇರಿ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಸಿಟ್ಟು ಬಿಡಲಿಲ್ಲ. ಹೊತ್ತುಕೊಂಡು ಹೋಗಲಿ, ಕಾಯಲಿ ಎನ್ನಿಸಿತು. ಇದಕ್ಕಿಂತ ಕೆಟ್ಟದ್ದನ್ನು ನನ್ನ ಜನ್ಮದಲ್ಲಿ ಯೋಚಿಸಿಲ್ಲ.

ಒಂದೆರಡು ತಿಂಗಳಿಗೆ ಸಿಟ್ಟು ಇಳಿಯಿತು. ಅಷ್ಟರಲ್ಲಿ ನಿಮ್ಮ ಮೊದಲ ಪತ್ರ ಬಂದಿತ್ತು. ಡಬ್ಬಿಯ ಒಳಗೆ ತೇವ ಹೀರುವ ಪುಡಿಯ ಪೊಟ್ಟಣ ಇಟ್ಟಿದ್ದೇನೆ, ಕೋಣೆಯ ತಂಪಾದ ಮೂಲೆಯಲ್ಲಿ ನಿಲ್ಲಿಸಿದ್ದೇನೆ, ಒಂದು ದಿನ ಅವಳು ಮಾತಾಡುತ್ತಾಳೆ ಎಂದು ಬರೆದಿದ್ದಿರಿ. ಅದನ್ನು ಓದಿದ ಮೇಲೆ ಹೇಗೆ ಹೇಳಲಿ? ಪ್ರತಿ ಸಲ ಪತ್ರ ಬರೆಯಲು ಕೂತಾಗಲೂ ಹೇಳಬೇಕೆಂದೇ ಕೂರುತ್ತಿದ್ದೆ. ಬರೆದು ಮುಗಿಸುವಾಗ ನೋಡಿದರೆ ಕಪಾಟು, ಪರದೆ, ರಟ್ಟು. ನಿಮಗೆ ಆಸೆ ಉಳಿದಿದೆಯಲ್ಲ, ಉಳಿಯಲಿ, ನನ್ನಿಂದ ಇಬ್ಬರೂ ಏಕೆ ಕಳೆದುಕೊಳ್ಳಬೇಕು ಎಂದು ನನಗೆ ನಾನೇ ನ್ಯಾಯ ಹೇಳಿಕೊಂಡೆ. ನಿಮ್ಮ ಬಾಕಿ ಪ್ಲೇಟುಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡದ್ದು ಅದಕ್ಕೇ. ಒಂದನ್ನು ಕೆಡಿಸಿದವಳು ನಾನೂರಾ ಹನ್ನೆರಡನ್ನು ಕಾದರೆ ಸರಿಹೋಗುತ್ತದೆಯೇ? ಹೋಗುವುದಿಲ್ಲ ಎಂದು ಗೊತ್ತು. ಆದರೂ ಒರೆಸುತ್ತೇನೆ.

ಸೋಮವಾರ ನೀವು ಹೋಗುತ್ತೀರೋ ಇಲ್ಲವೋ, ನಿಮ್ಮ ಇಷ್ಟ. ನಾನು ಬರುವುದು ಬೇಡ ಎನ್ನಿಸಿದರೆ ಒಂದು ಸಾಲು ಬರೆಯಿರಿ, ಮನಸ್ಸು ಕಲ್ಲು ಮಾಡಿಕೊಳ್ಳುತ್ತೇನೆ. ಬಾ ಎಂದರೆ ಅದರ ಹಿಂದಿನ ಶನಿವಾರದ ಬಸ್ಸು ಹಿಡಿಯುತ್ತೇನೆ. ಬಂದರೆ ನನ್ನಿಂದ ಆಗುವುದು ಇಷ್ಟೇ: ಆ ಮೂರು ನಿಮಿಷವೂ ನನಗೆ ಬರುತ್ತದೆ. ಎಲ್ಲಿ ಉಸಿರೆಳೆದಳು, ಎಲ್ಲಿ ಕೆಮ್ಮಿದಳು, ಎಲ್ಲಿ ನಗು ತಡೆದು ಮಾತಾಡಿದಳು, ಎಲ್ಲ. ನಿಮ್ಮ ಮುಂದೆ ಕೂತು ಹೇಳಿ ತೋರಿಸುತ್ತೇನೆ. ಐವತ್ತೆರಡರ ಹೆಂಗಸು ಆರರ ಹುಡುಗಿಯ ಹಾಗೆ ಮಾತಾಡಿದರೆ ಹಾಸ್ಯಾಸ್ಪದ ಎಂದು ಗೊತ್ತು. ನನ್ನ ಧಾಟಿಯನ್ನು ಅವಳು ಕದ್ದಳು, ಅವಳದ್ದನ್ನು ಈಗ ನಾನು ಕದಿಯುತ್ತೇನೆ. ಕಣ್ಣು ಮುಚ್ಚಿಕೊಂಡು ಕೇಳಿ.

ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ. ಕ್ಷಮಿಸಿಬಿಡಿ.

ಇಂತಿ,
ಒಂದೇ ಸಲ ಎಂದು ಸುಳ್ಳು ಹೇಳಿದವಳು,
ಚಿನಕುರುಳಿಯ ಅಮ್ಮ

ಮರೆತದ್ದು: ಲಕೋಟೆ ಅಂಟಿಸಿದವಳು ಮತ್ತೆ ಕಿತ್ತು ಇದನ್ನು ಸೇರಿಸುತ್ತಿದ್ದೇನೆ. ಮರೆತದ್ದಲ್ಲ, ಕೊಡಲು ಮನಸ್ಸಾಗದೆ ಇಟ್ಟುಕೊಂಡಿದ್ದು. ಏನೂ ಇಲ್ಲ ಎಂದು ಮೇಲೆ ಬರೆದೆನಲ್ಲ, ಅದು ಪೂರ್ತಿ ನಿಜವಲ್ಲ. ಸೂಜಿಯ ಹಾಡು ಮುಗಿದ ಮೇಲೆ ನೀವು ಯಂತ್ರ ನಿಲ್ಲಿಸಲು ತಡಮಾಡಿದ್ದಿರಿ. ಅಲ್ಲಿ ನೀವು ನಗುತ್ತೀರಿ. ಅವಳು ಇದ್ದಾಗಿನ ನಿಮ್ಮ ಆ ನಗು ನನ್ನಿಂದ ಕೇಳಲಾಗುತ್ತಿರಲಿಲ್ಲ. ಅದಕ್ಕೇ ಸಾವಿರಕ್ಕೂ ಮೀರಿದ ಅಷ್ಟು ಸಲದಲ್ಲಿ ಒಂದು ಸಲವೂ ಅಲ್ಲಿಗೆ ಮುಳ್ಳು ಹೋಗಲು ಬಿಡಲಿಲ್ಲ, ಹಾಡು ಮುಗಿದೊಡನೆ ಎತ್ತಿಬಿಡುತ್ತಿದ್ದೆ. ನೀವು ಡಬ್ಬಿಗೆ ಹಾಕಿದ ದಿನವೂ ಪ್ಲೇಟಿನ ನಡುವಿನ ಕಾಗದದ ಸುತ್ತ ಅರ್ಧ ಬೆರಳಗಲ ಕಪ್ಪಗೆ ಹೊಳೆಯುತ್ತಿತ್ತು. ಆ ಯಂತ್ರದವರಿಗೆ ಹೇಳಿ, ಅಂಚಿನಿಂದ ಶುರುಮಾಡುವುದು ಬೇಡ, ಮುಳ್ಳನ್ನು ನೇರ ಅಲ್ಲೇ ಇಡಲಿ. ಮನೆಗೆ ತಂದ ಸಂಜೆ ನೀವು ಕೇಳಿಸಿದಾಗ ಒಂದೇ ಸಲ ಕೇಳಿದ್ದು, ಮರೆತಿಲ್ಲ: ನಿಮ್ಮ ನಗು ಆದ ಮೇಲೆ ಅವಳು, "ಆಯ್ತಾ ಅಪ್ಪಾ? ಎಲ್ಲಿ, ಕೇಳ್ಸು. ಇನ್ನೊಂದ್ಸಲ ಕೇಳ್ಸು" ಎನ್ನುತ್ತಾಳೆ. ಅವಳು ಕೇಳಿದ್ದು ನಿಮ್ಮನ್ನು, ನನ್ನನ್ನಲ್ಲ.